ಹತ್ತು ಮಿಲಿ, ನೂರು ಲೀಟರು

ಪೀಣ್ಯ ಎರಡನೇ ಹಂತ, ಹದಿನಾಲ್ಕನೇ ಕ್ರಾಸು.
ಈ ಕಡೆ ಬೋಲ್ಟು ಕಡೆಯುವ ಲೇತು, ಆ ಕಡೆ ಪೌಡರ್ ಕೋಟಿಂಗು,
ನಡುವೆ ಎರಡು ಬಾಗಿಲು ದಾಟಿ ಟೋಪಿ ಹಾಕಿಕೊಂಡು ಒಳಬಂದರೆ
ನಾವು, ಚಿನ್ನವನ್ನು ಕೆಂಪು ಮಾಡುವವರು.

ಅಷ್ಟು ಸಣ್ಣದಾದ ಮೇಲೆ ಚಿನ್ನ ಹಳದಿಯಲ್ಲ.
ನಂಬದವರಿಗೆ ಸೀಸೆ ಎತ್ತಿ ತೋರಿಸುತ್ತೇನೆ: ದಾಳಿಂಬೆ ಹಿಂಡಿದ ನೀರು.
ಒಂದು ಕೂದಲಿನ ಅಗಲಕ್ಕೆ
ನಾಲ್ಕು ಸಾವಿರ ಕಣ ಒತ್ತಾಗಿ ನಿಲ್ಲಬಹುದು, ಅಂದಾಗ
ವಾಚ್‌ಮನ್ ಚೌಡಪ್ಪ ಕೇಳಿದ್ದು ಒಂದೇ:
"ಕದ್ದರೆ ಗೊತ್ತಾಗುತ್ತಾ ಮೇಡಂ?"

ಹತ್ತು ಮಿಲಿ ಮಾಡುವುದು ನನಗೆ ಬರುತ್ತಿತ್ತು.
ಜಕ್ಕೂರಿನ ಲ್ಯಾಬಿನಲ್ಲಿ ಐದು ವರ್ಷ ಅದೇ ಕೆಲಸ.
ಕುದಿಯುವ ನೀರು, ಚಿನ್ನದ ಉಪ್ಪು,
ನಿಂಬೆಹುಳಿಯ ಉಪ್ಪು ಒಂದೇ ಏಟಿಗೆ ಸುರಿ.
ತಿಳಿಹಳದಿ ಬಿಳಿಚಿಕೊಂಡು ಬರೀ ನೀರಾಗಿ
ಒಮ್ಮೆಲೇ ಶಾಯಿಯಂತೆ ಕಪ್ಪಿಟ್ಟು,
ಎಲ್ಲ ಕೆಟ್ಟಿತು ಅನ್ನುವ ಹೊತ್ತಿಗೆ
ಕೆಂಪು.
ಆ ಕಪ್ಪಿನುದ್ದಕ್ಕೂ ಉಸಿರು ಬಿಗಿಹಿಡಿದದ್ದನ್ನು
ಯಾವ ಪ್ರಬಂಧದಲ್ಲೂ ಬರೆಯಲಿಲ್ಲ.

ನೂರು ಲೀಟರು ಬೇರೆಯೇ ಪ್ರಾಣಿ.
ಟ್ಯಾಂಕಿನ ಗೋಡೆಗೆ ಕುದಿ, ನಡುವೆ ಬರೀ ಬೆಚ್ಚಗೆ.
ಸುರಿದ ಹುಳಿ ಆ ದಡ ಮುಟ್ಟುವಷ್ಟರಲ್ಲಿ
ಮೊದಲು ಹುಟ್ಟಿದವು ಆಗಲೇ ಮೈ ಬೆಳೆಸಿ
ತಡವಾಗಿ ಬಂದವಕ್ಕೆ ಪಾಲು ಉಳಿಸಿರುವುದಿಲ್ಲ.
ಎಲ್ಲವೂ ಒಂದೇ ಗಳಿಗೆಯಲ್ಲಿ ಹುಟ್ಟಬೇಕು, ಅದೇ ಕಷ್ಟ.
ಗುರುವಾರದ ಬ್ಯಾಚು ನೇರಳೆಹಣ್ಣು.
ಶನಿವಾರದ್ದು ಹೊಗೆ.
ಮಾಲೀಕರು ಚಿನ್ನದ ದರವಿದ್ದ ಪುಟ ಮಡಿಸಿ
ನನ್ನ ಮೇಜಿನ ಮೇಲಿಟ್ಟು ಹೋದರು, ಏನೂ ಅನ್ನದೆ.

ಶನಿವಾರದ ಗುಟ್ಟು ಸೋಮವಾರ ಬಿಚ್ಚಿತು.
"ಕಾವೇರಿ ಬಂದಿರ್ಲಿಲ್ಲ ಮೇಡಂ, ಬೋರಿನ ನೀರಲ್ಲೇ ತೊಳೆದೆ,"
ಮುಜೀಬ್ ನೆಲ ನೋಡುತ್ತ ಹೇಳಿದ.
ಉಪ್ಪು ಸೋಕಿದರೆ ಮುಗಿಯಿತು,
ಕಣಗಳು ಒಂದನ್ನೊಂದು ದೂರವಿಡುವುದು ಮರೆತು
ಅಂಟಿ, ನೀಲಿಯಾಗಿ, ತಳ ಸೇರುತ್ತವೆ.
ಕೆಂಪೆಂದರೆ ಕಾಯ್ದುಕೊಂಡ ಅಂತರ, ಅಷ್ಟೆ.
ಅವನಿಗೆ ಬೈಯಲಾಗಲಿಲ್ಲ. ನನಗೂ ಆ ದಿನ ಸ್ನಾನವಾಗಿರಲಿಲ್ಲ.

ಕಡೆಗೆ ದೊಡ್ಡ ಪಾತ್ರೆಯ ಆಸೆಯನ್ನೇ ಬಿಟ್ಟೆವು.
ಕಿರುಬೆರಳಿಗಿಂತ ಸಪೂರ ಕೊಳವೆ,
ಸುರುಳಿ ಸುತ್ತಿ ಬಿಸಿ ಎಣ್ಣೆಯಲ್ಲಿ ಮುಳುಗಿಸಿ,
ಎರಡು ಪಂಪು, ನಿಲ್ಲದ ಹರಿವು.
ನೂರು ಲೀಟರೆಂದರೆ ಹತ್ತು ಮಿಲಿ, ಹತ್ತು ಸಾವಿರ ಸಲ,
ಸಾಲು ತಪ್ಪದೆ ಒಂದರ ಹಿಂದೊಂದು.
ಇಷ್ಟು ತಿಳಿಯಲು ಹದಿಮೂರು ತಿಂಗಳು.

ಆಮೇಲೆ ಕೂರಿಸುವ ಪಾಡು.
ಜಾಲಹಳ್ಳಿ ಕ್ರಾಸಿನ ದರ್ಶಿನಿಯಲ್ಲಿ
ಕಲ್ಲಿನ ಮೇಲೆ ಚೆಲ್ಲಿದ ಕಾಫಿ ಒಣಗುವುದನ್ನೇ ನೋಡುತ್ತಿದ್ದೆ:
ಕಣವೆಲ್ಲ ಅಂಚಿಗೆ ಓಡಿ ಬಳೆ ಕಟ್ಟಿ, ನಡು ಖಾಲಿ.
ಒರೆಸುವ ಹುಡುಗ ಬಟ್ಟೆ ಹಿಡಿದು ಕಾಯುತ್ತಿದ್ದ.
ನಮ್ಮ ಪಟ್ಟಿಯಲ್ಲಿ ಹೀಗಾಗಕೂಡದು,
ಗೆರೆ ಗೆರೆಯಾಗಿಯೇ ಬೀಳಬೇಕು,
ಒಂದು ಮಿಲಿಮೀಟರು, ಅಂಚು ನೇರ.
ಅದಕ್ಕೂ ಮದ್ದು ಸಿಕ್ಕಿತು: ಚೂರು ಸಕ್ಕರೆ.

ಮೊನ್ನೆ ಯಶವಂತಪುರದ ಮೆಡಿಕಲ್ಲಿನಲ್ಲಿ
ನನ್ನದೇ ಪಟ್ಟಿಯೊಂದನ್ನು ಐವತ್ತೈದು ರೂಪಾಯಿಗೆ ಕೊಂಡೆ.
ಫ್ಯಾಕ್ಟರಿಯಿಂದ ತರಬಹುದಿತ್ತು. ತರಲಿಲ್ಲ.
ಅಂಗಡಿಯವ ಹಳೇ ಪೇಪರಿನಲ್ಲಿ ಸುತ್ತಿ, ಮತ್ತೂ ಸುತ್ತಿ,
ಮುಖ ನೋಡದೆ ಕೊಟ್ಟ.

ಬೆಳಗಿನ ಐದೂವರೆ. ಬಚ್ಚಲಿನ ಲೈಟು.
ಮೂರು ಹನಿ.
ಬಿಳಿಯ ಮೇಲೆ ನಸುಗೆಂಪು ಒದ್ದೆ ಏರುತ್ತ ಹೋಯಿತು.
ಬಾಗಿಲಾಚೆಯಿಂದ ಯತೀಶ: "ಎಷ್ಟು ಗೆರೆ? ಒಂದಾ, ಎರಡಾ?"
ನಾನು ಪಟ್ಟಿಯನ್ನು ಬೆಳಕಿಗೆ ಓರೆ ಹಿಡಿದಿದ್ದೆ.
ಅಂಚು ಒಂದೇ ಒಂದು ಚೂರು ಹರಡಿದೆ.
ನೀಲಿ ಇಲ್ಲ.
ಕವರು ತಿರುಗಿಸಿ ಬ್ಯಾಚ್ ನಂಬರು ಓದಿದೆ, ಕೊಳವೆಯದೇ.

"ಏನಾಯ್ತೇ?"

"ತಾಳು," ಅಂದೆ. "ಬಣ್ಣ ಚೆನ್ನಾಗಿ ಬಂದಿದೆ."