ಶೇಕಡಾ ಮೂವತ್ತೆರಡು

ಬಾಗಲಕೋಟಿ ಕೋರ್ಟಿನ್ಯಾಗ
ವಿಮಾ ಕಂಪನಿ ವಕೀಲರು ಕೇಳಿದ್ರು:
"ನೇಯೂದು ಕೈಲೆ.
ಕಾಲು ಕುಂಟಿದ್ರ ಏನ್ ನುಕಸಾನವಾ?"

ಸಾಹೇಬ್ರ, ಗುಳೇದಗುಡ್ಡಕ್ಕ ಬರ್ರಿ,
ನನ್ನ ಮಗ್ಗದ ಕುಣಿಗೆ ಇಳೀರಿ.
ಅಲ್ಲಿ ಕತ್ತಲಾಗ ಬಲಗಾಲು ಹಲಗಿ ತುಳದ್ರನ
ಮ್ಯಾಲ ಎಳಿ ಬಾಯಿ ತೆರೀತಾವು,
ಲಾಳಿ ದಾಟತೈತಿ.

ರಸ್ತೆ ನಾ ದಾಟಿರಲೂ ಇಲ್ಲ.
ಅಂಚಿನ್ಯಾಗ ನಿಂತಿದ್ದೆ,
ಬಗಲಾಗ ಎಂಟು ಖಣದ ಗಂಟು.
ಟಂಟಂ ಹಿಂದಕ್ಕ ಬಂತು.

ಡಾಕ್ಟರು ಬರದಾರ: ಶೇಕಡಾ ಮೂವತ್ತೆರಡು.
ಮೈಯಿಗೆ ಅಷ್ಟ ಇರಬೇಕು.
ಮಗ್ಗಕ್ಕ ನೂರಕ್ಕ ನೂರ್ರೀ.

ಪರಿಹಾರ ಎಷ್ಟು ಬರೀತಾರೋ, ಗೊತ್ತಿಲ್ಲ.
ಕಟಕಟಿ ಇಳಿಯೂವಾಗ ಕಂಡೆ:
ನನ್ನ ಮಾತು ಟೈಪ್ ಮಾಡಾಕತ್ತಿದ್ದ ಹುಡುಗಿ
ಮೇಜಿನ ಬುಡಕ ಕಾಲು ಕುಣಸಾಕತ್ತಿದ್ಲು,
ನಾ ನೋಡಿದ್ದು ನೋಡಿ
ತಟ್ಟನ ನಿಲ್ಲಿಸಿದ್ಲು.