ಐದು ಹಣ್ಣು

ಬಾಣಾವರದಲ್ಲಿ ರೈಲಿಳಿದಾಗ ಇನ್ನೂ ನಸುಕು.
ನನ್ನ ಚೀಲದಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹನ್ನೊಂದು,
ಶೇಂಗಾ ಚಟ್ನಿ, ಒಂದು ಶಾಲು.
ಇವರ ಚೀಲದಲ್ಲಿ ನಕಾಶೆ, ಮಡಿಕೆ ಮಡಿಕೆಗೆ ಹರಿದದ್ದು;
ಹಾಸನ ಜಿಲ್ಲೆ ಸರಿಯಾಗಿ ಹರಕಿನ ಮೇಲೇ ಬಿದ್ದಿತ್ತು.

ಯಾರ ಮನೆಗೂ ಬೇಡ ಎಂದು ಗದಗಿನಲ್ಲೇ ಮಾತಾಗಿತ್ತು.
ಅಕ್ಕನ ಮನೆಗೆ ಹೋದರೆ ಅಕ್ಕ ನನ್ನ ಕೊರಳು ನೋಡುತ್ತಾಳೆ,
ಇವರ ತಮ್ಮನ ಮನೆಗೆ ಹೋದರೆ
ಗೋಡೆಯ ಮೇಲಿನ ಫೋಟೋ ನೋಡುತ್ತದೆ.
ಕಚೇರಿಯಲ್ಲಿ ಸಹಿ ಹಾಕಿ ಎರಡು ತಿಂಗಳು.
ನನಗೆ ನಲವತ್ತೇಳು, ಇವರಿಗೆ ಐವತ್ತೆರಡು.
ಕರೆಯಬೇಕಾದವರು ಕರೆಯಲಿಲ್ಲ.
ಅದನ್ನೇ ರಜೆ ಅಂದುಕೊಂಡು ಹೊರಟೆವು.

ಜಾವಗಲ್ ಬಸ್ಸಿನಲ್ಲಿ ಕಬ್ಬಿನ ಜಲ್ಲೆಗಳಿಗೇ ಮೊದಲು ಸೀಟು.
ಎಲ್ಲಿಗೆ, ಎಂದ ಕಂಡಕ್ಟರಿಗೆ ಇವರು,
"ಚಲೋ ಊರು ಯಾವುದೈತಿ, ನೀವ ಹೇಳ್ರಿ" ಎಂದರು.
ಆತ ಎರಡು ಹಳೇಬೀಡು ಹರಿದುಕೊಟ್ಟ,
ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದ.

ಮುಂದಿನ ಸೀಟಿನ ಹೆಂಗಸು ತಿರುಗಿದಳು,
ಮಡಿಲಲ್ಲಿ ಸ್ಟೀಲಿನ ಡಬ್ಬಿ, ಮುಚ್ಚಳದ ಮೇಲೆ ಸಕ್ಕರೆಯ ಗಿಳಿ.
"ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ."
ನಮ್ಮ ಕಡೆ, ಎಳ್ಳು ಬೆಲ್ಲ ತಗೊಂಡು
ಎಳ್ಳು ಬೆಲ್ಲದಂಗ ಇರೂಣು ಅಂತೇವಿ.
ಅಲ್ಲಿ ಇರುವುದು, ಇಲ್ಲಿ ಆಡುವುದು.
ನಾವಿಬ್ಬರೂ ಎರಡರಲ್ಲೂ ಒಂದನೇ ಇಯತ್ತೆ.

"ಮದುವೆಯಾಗಿ ಎಷ್ಟು ವರ್ಷ ಆಯ್ತವ್ವಾ?"
ಇವರು ಕಿಟಕಿಯಾಚೆ ಅವರೆ ಹೊಲ ನೋಡತೊಡಗಿದರು,
ಪ್ರಶ್ನೆ ಹೊಲಕ್ಕೆ ಕೇಳಿದಂತೆ.
"ಎರಡು ತಿಂಗಳು" ಅಂದೆ.
ಆಕೆ ನನ್ನ ಬೈತಲೆಯ ನರೆ ನೋಡಲಿಲ್ಲ.
ನೋಡಿದ್ದರೂ ಲೆಕ್ಕಕ್ಕೆ ಹಿಡಿಯಲಿಲ್ಲ.
"ಹಂಗಾರೆ ನೀವು ಬಾಳೆಹಣ್ಣು ಬೀರ್ಬೇಕು ಕಣವ್ವ.
ಈ ವರ್ಷ ಐದು, ಬರೋ ವರ್ಷ ಹತ್ತು, ಹಿಂಗೇ ಐದು ವರ್ಷ."

ಬೀರು ಅಂದರೆ ನನಗೆ ಸೀರೆ ಇಡುವ ಕಬ್ಬಿಣದ ಪೆಟ್ಟಿಗೆ.
ಹತ್ತೊಂಬತ್ತು ವರ್ಷ ಬಣ್ಣದ ಸೀರೆಗಳು
ಅದರೊಳಗೇ ನುಸಿಗುಳಿಗೆ ಮೂಸುತ್ತ ಕೂತಿದ್ದವು.
ಬೀರುವುದು ಅಂದರೆ ಕೊಡುವುದು ಅಂತ
ಜಾವಗಲ್ ದಾಟಿದ ಮೇಲೆ ಹೊಳೆಯಿತು.

ಹಳೇಬೀಡಿನ ತಳ್ಳುಗಾಡಿಯಲ್ಲಿ ಏಲಕ್ಕಿ ಬಾಳೆ.
ಐದೇ ಬೇಕು ಅಂದರೆ ಹುಡುಗ ನಕ್ಕು ಚಿಪ್ಪು ಮುರಿದ.
ಒಂದು, ಲಾಡ್ಜಿನ ಮೆಟ್ಟಿಲಲ್ಲಿ ರಂಗೋಲಿ ಹಾಕುತ್ತಿದ್ದವಳಿಗೆ.
ಒಂದು, ಗರುಡ ಯಾವುದು ಹಂಸ ಯಾವುದು ಎಂದು
ನಮಗಿಂತ ಹೆಚ್ಚು ಗೊಂದಲದಲ್ಲಿದ್ದ ಸೇಲಂ ಕಡೆಯ ತಾಯಿಗೆ;
ಆಕೆ "ಪೊಂಗಲ್ ಪೊಂಗಲ್" ಎಂದು ಕೈ ಹಿಡಿದಳು.

ಮೂರನೆಯದು, ಚಪ್ಪಲಿ ಕಾಯುವವಳ ಮುಂದೆ ಚಾಚಿದೆ.
ಆಕೆ ಸೆರಗಿನೊಳಗೆ ಕೈ ಎಳೆದುಕೊಂಡಳು.
"ನಾ ಈಸ್ಕಬಾರದು ಕಣಮ್ಮ, ನಮ್ಮನೆಯವ್ರು ಓಗಿ ಆರು ವರ್ಷ."
ಆ ಕೈ ಎಳೆದುಕೊಳ್ಳುವುದು ನನಗೆ ಗೊತ್ತು.
ಯಾರೂ ಕಲಿಸುವುದಿಲ್ಲ, ಮೊದಲ ಹಬ್ಬಕ್ಕೇ ಬಂದುಬಿಡುತ್ತದೆ.
ಆಕೆಯ ಟೋಕನ್ ತಟ್ಟೆಯಲ್ಲಿ,
ಇಪ್ಪತ್ತೇಳನೇ ನಂಬರಿನ ಪಕ್ಕ, ಹಣ್ಣಿಟ್ಟೆ.
ಚಪ್ಪಲಿ ಮೆಟ್ಟುವುದು ಮರೆತು ಕೆರೆಯವರೆಗೂ ನಡೆದೆ.
ಎರಡೂ ಜೋಡಿ ಹಿಡಿದು ಇವರು ಹಿಂದೆ ಬಂದರು,
ಏನೂ ಕೇಳಲಿಲ್ಲ.

ಸಂಜೆ ಓಣಿಯಲ್ಲಿ ಹುಲ್ಲು ಹರವಿ ಕಿಚ್ಚು ಹಚ್ಚಿದರು.
ಅರಿಶಿನ ಮೈಯ ಎತ್ತುಗಳು, ಬಲೂನು ಕಟ್ಟಿದ ಕೊಂಬು,
ಹೋ ಎಂದು ಹಾರಿ ಕತ್ತಲೆಗೆ ಹೊಕ್ಕವು.
ಲೇತ್ ಮಶೀನಿನ ಕಿಡಿಯಲ್ಲಿ ಮೂವತ್ತು ವರ್ಷ ನಿಂತ ಮನುಷ್ಯ
ನನ್ನ ಶಾಲಿನ ತುದಿ ಗಟ್ಟಿ ಹಿಡಿದಿದ್ದರು.
ಒಂದು ಕರು ಹಾರಲಿಲ್ಲ.
ಬೆಂಕಿಯನ್ನು ನೋಡಿತು, ಪಕ್ಕದ ಚರಂಡಿಗುಂಟ ಸುತ್ತಿಹೋಗಿ
ಆಚೆ ಬದಿಯಲ್ಲಿ ತಾಯಿಯನ್ನು ಸೇರಿತು.
ಯಾರೂ ಅದನ್ನು ಬೈಯಲಿಲ್ಲ.

ನಾಲ್ಕನೆಯದು ಆ ಕರುವಿಗೆ.
ಹೆಣ್ಣು ಕರುವೇ, ಕೇಳಿಕೊಂಡೆ.

ಉಳಿದದ್ದು ಒಂದು, ಚೀಲದಲ್ಲಿ ರೊಟ್ಟಿಯ ಕೆಳಗೆ ಸಿಕ್ಕಿ ಕಪ್ಪಾಗಿತ್ತು.
ಗಂಡಸರಿಗೆ ಬೀರಬಹುದೋ ಇಲ್ಲವೋ,
ಬಸ್ಸಿನವಳನ್ನು ಕೇಳಲು ಮರೆತಿದ್ದೆ.
ನಲವತ್ತು ವ್ಯಾಟಿನ ಬಲ್ಬಿನ ಕೆಳಗೆ
ಮಂಚದ ಮೇಲೆ ಪೇಪರು ಹಾಸಿ ಅರ್ಧ ಅರ್ಧ ತಿಂದೆವು.
ಐದನೇ ವರ್ಷಕ್ಕೆ ಇಪ್ಪತ್ತೈದು ಹಣ್ಣು, ಅಂದೆ.
ಅಷ್ಟು ಹೊರಲು ಬೇರೆ ಚೀಲ ಬೇಕು, ಅಂದರು.

ಸಿಪ್ಪೆ ಯಾರು ಹೊರಗೆ ಹಾಕಬೇಕು ಅನ್ನುವುದಕ್ಕೆ
ಹತ್ತು ನಿಮಿಷ ಜಗಳ.