ಎರಡು ಸಹಿ

ಕುವೈತಿನ ಜಾಬ್ರಿಯಾದ ಈ ಪ್ರಯೋಗಾಲಯದಲ್ಲಿ
ಆಲ್ಕೊಹಾಲ್ ಬಾಟಲಿಗೆ ಎರಡು ಬೀಗ, ಒಂದು ದಪ್ಪ ಪುಸ್ತಕ.
ಸ್ಟೋರಿನ ರಮ್ಝಿ ಬೆಳಕಿಗೆ ಹಿಡಿದು ಅಳೆಯುತ್ತಾನೆ.
ಒಯ್ದದ್ದಕ್ಕೊಂದು ಸಹಿ, ಮರಳಿಸಿದ್ದಕ್ಕೊಂದು.
'ಕುಡಿಯುವುದು ಯಾರು?' ದಿನವೂ ಅದೇ ತಮಾಷೆ.
'ಇಲಿಯ ಮಿದುಳು' ಅನ್ನುತ್ತೇನೆ. ನಗುತ್ತಾನೆ.
ಹೊರಗೆ ನಲವತ್ತೊಂಬತ್ತು ಡಿಗ್ರಿ, ಧೂಳು ಕಿಟಕಿಯ ಗಾಜು ತಿಕ್ಕುತ್ತಿದೆ.

ತಟ್ಟೆಯಲ್ಲಿ ಸಾಸಿವೆಗಿಂತ ಸಣ್ಣ ಉಂಡೆಗಳು,
ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಕೋಶಗಳು.
ಅವುಗಳೊಳಗೆ ಪ್ರೋಟೀನು ಕಟ್ಟದ ಒಂದಿಷ್ಟು ಆರ್‌ಎನ್‌ಎ.
ಹಿಂದೆ ಕೆಲವರು ಕಸವೆಂದು ಬಿಟ್ಟಿದ್ದರು.
ನನ್ನ ಸೋದರತ್ತೆ ಸೌಟು ಮುಟ್ಟಿದವಳಲ್ಲ,
ಹೊಸ್ತಿಲಲ್ಲಿ ಕೂತು 'ಸಾಕು, ಇಳಿಸು' ಅನ್ನುವಳು ಅಷ್ಟೆ.
ಅವಳು ಊರಿಗೆ ಹೋದ ದಿನ ಸಾರು ತಳ ಹಿಡಿಯುತ್ತಿತ್ತು.

ಹನಿ ಬಿಟ್ಟೆ. ಐದು ದಿನ ಕಾದೆ.
ಕೋಶಗಳು ಸಾಯಲಿಲ್ಲ.
ಸಾವಿಗೆ ನಾನು ತಯಾರಾಗಿದ್ದೆ, ಹೆಣ ಎಣಿಸುವ ನೀಲಿ ಬಣ್ಣ ಕಲಸಿಟ್ಟಿದ್ದೆ.
ಇವು ಬರೀ ಅವಸರಪಟ್ಟವು.
'ಸಾಕು' ಅನ್ನುವ ದನಿ ನಾಲ್ಕು ಕಡೆ ಕುಗ್ಗಿ
ಆಡಿಕೊಂಡಿರಬೇಕಾದವು ಸಂಸಾರಕ್ಕೆ ನಿಂತವು.
ಬೇಗ ದೊಡ್ಡವಾದವು,
ಬೀಜಕ್ಕೆಂದು ಯಾರನ್ನೂ ಉಳಿಸದೆ.

ತಮ್ಮ ಬೊನಿಫಾಸನಿಗೆ ಮೂವತ್ತೊಂದು.
ಚಿಲ್ಲರೆ ಎಣಿಸಲು ಇನ್ನೂ ಬರುವುದಿಲ್ಲ.
ಅವನು ಹೊಟ್ಟೆಯಲ್ಲಿದ್ದಾಗ ಅಮ್ಮ
ಗೇರುಬೀಜ ಸುಲಿಯುವ ಶೆಡ್ಡಿನಿಂದ ಬಂದು
ಸೊಂಟನೋವಿಗೆ ಸ್ಟೀಲ್ ಲೋಟದಲ್ಲಿ ಕುಡಿದದ್ದು
ಮೋಜಿಗಲ್ಲ.
ಕೊಟ್ಟವರು ಹಿರಿಯರೇ, ಒಳ್ಳೆಯದೆಂದೇ ಕೊಟ್ಟರು.
ಯಾರೂ ಅಳೆಯಲಿಲ್ಲ. ಪುಸ್ತಕ ಇರಲಿಲ್ಲ.

ಅದರಿಂದಲೇ ಹೀಗಾಯಿತು ಎಂದು
ನನ್ನ ತಟ್ಟೆ ಹೇಳುವುದಿಲ್ಲ.
ಇಲಿಯ ಕೋಶಕ್ಕೆ ಅಮ್ಮನ ಸೊಂಟ ಏನು ಗೊತ್ತು?
ನಾನೂ ಕೇಳಿಲ್ಲ.
ವಾರಕ್ಕೊಮ್ಮೆ ಹತ್ತು ನಿಮಿಷದ ಫೋನಿನಲ್ಲಿ
ಕೇಳುವ ಮಾತೇ ಅದು?

ಬಾಟಲಿ ಮರಳಿಸುವ ಹೊತ್ತಿಗೆ ತಮ್ಮನ ಕರೆ.
'ಅಕ್ಕಾ, ನಿನ್ನಲ್ಲಿ ಈಗ ಗಂಟೆ ಎಷ್ಟು?'
ನಾಲ್ಕೂವರೆ ಅಂದೆ.
'ನಮ್ಮಲ್ಲಿ ಏಳು!' ಪಂದ್ಯ ಗೆದ್ದವನ ದನಿ. 'ನೀನು ಹಿಂದೆಯೇ ಉಳಿದೆ.'
ಹೌದು ಮಾರಾಯ, ಅಂದೆ.
ರಮ್ಝಿ ಪುಸ್ತಕ ನನ್ನತ್ತ ತಿರುಗಿಸಿ
ಬೆರಳಿಟ್ಟು ತೋರಿಸಿದ,
ಖಾಲಿ ಇದ್ದ ಜಾಗ.